ಹೊರಗಿನ ಚಿಲಕ

ಭದ್ರಾವತಿಯ ಕಾಗದನಗರದ ಆ ಕ್ವಾರ್ಟರ್ಸ್ ಮನೆಯಲ್ಲಿ ಬೆಳಗಿನ ಒಂಬತ್ತೂವರೆ ಆಯಿತೆಂದು ತಿಳಿಯಲು ಗಡಿಯಾರ ಬೇಕಿರಲಿಲ್ಲ. ಮೊದಲು ಅಡುಗೆಮನೆಗೆ ಬೀಗ ಬೀಳುವ ಸದ್ದು. ಆಮೇಲೆ ದುರ್ಗಮ್ಮನ ಚಪ್ಪಲಿಯ ಸದ್ದು. "ಅಕ್ಷಯಾ, ಬಾಗ್ಲು ಹಾಕ್ಕೊಂಡು ಹೋಗ್ತೀನಿ ಕಣೇ, ಕೂತಲ್ಲೇ ಕೂತಿರು" ಎಂಬ ಮಾತು. ಕೊನೆಗೆ ಹೊರಗಿನ ಚಿಲಕ ಕಬ್ಬಿಣದ ಬಳೆಯೊಳಗೆ ಕೂತು ಠಕ್ಕೆನ್ನುವುದು. ಅಲ್ಲಿಂದ ಮಧ್ಯಾಹ್ನ ಎರಡು ಗಂಟೆಯವರೆಗೆ, ಇಪ್ಪತ್ನಾಲ್ಕು ವರ್ಷದ ಅಕ್ಷಯಾ ಆ ಮನೆಯ ಮಂಚ, ಬೀರು, ನೀರಿನ ಕೊಡಗಳ ಜೊತೆ ಇನ್ನೊಂದು ಸಾಮಾನು.

ಹೀಗೆಂದ ಮಾತ್ರಕ್ಕೆ ದುರ್ಗಮ್ಮ ಕೆಟ್ಟ ತಾಯಿ ಎಂದು ಯಾರೂ ತಿಳಿಯಬಾರದು. ಮಗಳ ತಲೆ ಬಾಚುವವಳು ಅವಳೇ, ತಟ್ಟೆಯಲ್ಲಿ ಅನ್ನ ಕಲಸಿಡುವವಳು ಅವಳೇ, ಬಚ್ಚಲಿಗೆ ಕೈ ಹಿಡಿದು ಕರೆದೊಯ್ಯುವವಳೂ ಅವಳೇ. ಬೀದಿಯವರೆಲ್ಲ "ಪಾಪ, ಕಾಣದ ಹುಡುಗೀನ ಎಷ್ಟು ಜೋಪಾನ ಮಾಡ್ತಾಳೆ ನೋಡಿ" ಎಂದು ಹೊಗಳುತ್ತಿದ್ದರು. ಈ 'ಪಾಪ' ಎಂಬ ಎರಡಕ್ಷರವಿದೆಯಲ್ಲ, ನಮ್ಮಲ್ಲಿ ಅದರಷ್ಟು ಅಗ್ಗದ ಪದಾರ್ಥ ಇನ್ನೊಂದಿಲ್ಲ. ಕೊಡುವವರಿಗೆ ಖರ್ಚಿಲ್ಲ, ಪಡೆದವರು ಮಾತ್ರ ಅದನ್ನು ಜೀವಮಾನವಿಡೀ ಹೊರಬೇಕು.

ಅಕ್ಷಯಾ ಹುಟ್ಟುಕುರುಡಿಯಲ್ಲ. ಹದಿನೇಳರವರೆಗೆ ಎಲ್ಲರಂತೆ ನೋಡಿದವಳು. ಆಮೇಲೆ ಸಂಜೆ ಹೊತ್ತು ದಾರಿ ಮಬ್ಬಾಗತೊಡಗಿತು, ಪಕ್ಕದಲ್ಲಿ ಬಂದ ಸೈಕಲ್ಲು ಕಾಣದಾಯಿತು. ಕಣ್ಣಿನ ಒಳಪರದೆ ಸೊರಗುತ್ತಿದೆ, ಇದಕ್ಕೆ ಔಷಧಿ ಇಲ್ಲ ಎಂದರು ಡಾಕ್ಟರು. ಡಿಗ್ರಿ ಎರಡನೇ ವರ್ಷಕ್ಕೆ ಓದು ನಿಂತಿತು. ಇಪ್ಪತ್ತೆರಡಕ್ಕೆ ಬೆಳಕು ಪೂರ್ತಿ ಹೋಯಿತು. ಅಪ್ಪ ಜಟ್ಟಪ್ಪ, ಕಾಗದದ ಕಾರ್ಖಾನೆ ಬಾಗಿಲು ಹಾಕಿದ ಮೇಲೆ, ಶಿವಮೊಗ್ಗದ ಒಂದು ಅಪಾರ್ಟ್‌ಮೆಂಟಿಗೆ ವಾಚ್‌ಮನ್ ಆದ. ಅಮ್ಮ ಅಂಗನವಾಡಿ ಸಹಾಯಕಿ. ಇಬ್ಬರೂ ದುಡಿಯಲೇಬೇಕು. ಹಾಗಿದ್ದಮೇಲೆ ಕಾಣದ ಹೆಣ್ಣುಮಗಳನ್ನು ಏನು ಮಾಡುವುದು? ಊರೆಲ್ಲ ಮಾಡುವುದನ್ನೇ ದುರ್ಗಮ್ಮನೂ ಮಾಡಿದಳು. ಒಳಗೆ ಕೂರಿಸಿ ಹೊರಗಿನಿಂದ ಚಿಲಕ ಹಾಕಿದಳು. ಬೆಂಕಿಯ ಹತ್ತಿರ ಹೋದಾಳೆಂದು ಅಡುಗೆಮನೆಗೂ ಬೀಗ ಹಾಕಿ ಕೀಲಿಯನ್ನು ಸೆರಗಿಗೆ ಗಂಟು ಹಾಕಿಕೊಂಡಳು. "ನಂಗೂ ಒಂದು ಫೋನ್ ಕೊಡಿಸಮ್ಮ" ಎಂದರೆ, "ನಿಂಗ್ಯಾಕೇ ಅದು, ಪಾಪ" ಎಂದಳು.

ಅದೊಂದು ಸೋಮವಾರ. ಅಂಗನವಾಡಿಗೆ ಮೇಲಧಿಕಾರಿ ಬರುತ್ತಾರೆಂದು ಫೋನ್ ಬಂತು, ದುರ್ಗಮ್ಮ ಗಡಿಬಿಡಿಯಲ್ಲಿ ಹೊರಟಳು. ಬೀಗ, ಚಪ್ಪಲಿ, ಮಾತು, ಠಕ್. ಅಕ್ಷಯಾ ನಡುಮನೆಯಲ್ಲಿ ಚಾಪೆಯ ಮೇಲೆ ಕೂತು ರೇಡಿಯೋ ಹಚ್ಚಲು ಕೈ ಚಾಚಿದಳು. ಅಷ್ಟರಲ್ಲಿ ಬೀಗ ಹಾಕಿದ ಅಡುಗೆಮನೆಯಿಂದ ಚೊಯ್ ಎಂಬ ಸದ್ದು ಬಂತು. ಒಲೆಯ ಮೇಲೆ ಹಾಲಿಟ್ಟು ಅಮ್ಮ ಮರೆತಿದ್ದಾಳೆ. ಹಾಲು ಉಕ್ಕಿದರೆ ಮನೆಗೆ ಒಳ್ಳೆಯದು ಎನ್ನುತ್ತಾರೆ, ಅಕ್ಷಯಾ ನಕ್ಕಳು. ಆಮೇಲೆ ಅವಳ ನಗು ನಿಂತಿತು. ಉರಿಯ ಸದ್ದು ಇಲ್ಲ. ಹಾಲು ಉಕ್ಕಿ ಉರಿ ಆರಿದೆ. ಆದರೆ ಒಂದು ತೆಳ್ಳನೆಯ ಸುಂಯ್ ಮಾತ್ರ ನಿಂತಿಲ್ಲ.

ವಾಸನೆ ನೆಲದ ಮೇಲೆ ಹರಿದು ಬಾಗಿಲ ಸಂದಿನಿಂದ ಚಾಪೆಗೆ ಬಂತು. ಅವಳು ಅಡುಗೆಮನೆಯ ಬೀಗವನ್ನು ಜಗ್ಗಿದಳು, ಅದು ಬರಲಿಲ್ಲ. ಗೋಡೆ ಹಿಡಿದು ಹೋಗಿ ಮುಂಬಾಗಿಲನ್ನು ಎರಡೂ ಕೈಯಿಂದ ಬಡಿದಳು. ಕಿಟಕಿ ತೆಗೆದು ಸರಳುಗಳ ನಡುವೆ ಮುಖವಿಟ್ಟು ಕೂಗಿದಳು. "ಹಾಲಮ್ಮಜ್ಜೀ! ಹಾಲಮ್ಮಜ್ಜೀ! ಬಾಗ್ಲು ತೆಗೀರಿ!"

ಎದುರುಮನೆಯ ಹಾಲಮ್ಮ ಜಗಲಿಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದಳು. "ಅಮ್ಮ ಬರ್ತಾಳೆ ಸುಮ್ನಿರು ಮಗಾ. ಯಾರು ಕೂಗಿದ್ರೂ ತೆಗೀಬೇಡಿ ಅಂತ ಹೇಳಿ ಹೋಗಿದಾಳೆ."

"ಗ್ಯಾಸ್ ಸೋರ್ತಾ ಇದೆ ಅಜ್ಜೀ! ವಾಸನೆ ಬರ್ತಿದೆ!"

"ನಂಗೇನೂ ಬರ್ತಾ ಇಲ್ವಲ್ಲೇ ಮಾರಾಯ್ತಿ. ಒಬ್ಳೇ ಇದ್ದೂ ಇದ್ದೂ ಹಂಗನ್ಸುತ್ತೆ, ಪಾಪ."

ಅಕ್ಷಯಾ ಕೂಗಿದಳು, ಅತ್ತಳು, ಬೈದಳು. ಬೈದದ್ದೇ ಕೆಲಸಕ್ಕೆ ಬಂತು. ಎಂದೂ ಎದುರಾಡದ ಹುಡುಗಿ "ನಿಮ್ಮ ಮನೆ ಹಾಳಾಗ" ಎಂದದ್ದು ಕೇಳಿ ಹಾಲಮ್ಮನಿಗೆ ಸಿಟ್ಟು ಬಂತು. ನಾಲ್ಕು ಮಾತು ಅಂದೇ ಹೋಗುತ್ತೇನೆಂದು ಎದ್ದು ಬಂದು ಚಿಲಕ ತೆಗೆದಳು. ಬಿಸಿಲಿನಿಂದ ಬಂದ ಅವಳ ಕಣ್ಣಿಗೆ ಒಳಗೆಲ್ಲ ಕತ್ತಲು. ಕಣ್ಣಿದ್ದವರ ಕೈ ಕತ್ತಲೆಯಲ್ಲಿ ಮೊದಲು ಎಲ್ಲಿಗೆ ಹೋಗುತ್ತದೆ? ಹಾಲಮ್ಮನ ಬಳೆಯ ಸದ್ದು ಬಾಗಿಲ ಪಕ್ಕದ ಗೋಡೆಯ ಮೇಲೆ ಸವರುತ್ತ ಹೋಯಿತು.

"ಸ್ವಿಚ್ ಮುಟ್ಬೇಡಿ!" ಅಕ್ಷಯಾ ಆ ಬಳೆಯ ಸದ್ದಿನ ಮೇಲೆ ಬಿದ್ದು ಮುದುಕಿಯ ಮಣಿಕಟ್ಟು ಹಿಡಿದುಕೊಂಡಳು. "ಒಂದು ಕಿಡಿ ಸಾಕು ಅಜ್ಜೀ, ಇಬ್ರೂ ಇರಲ್ಲ!"

ಆಗ ಹಾಲಮ್ಮನ ಮೂಗಿಗೂ ವಾಸನೆ ಬಡಿಯಿತು. ಇಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಂಡು ಬೀದಿಗೆ ಬಿದ್ದರು. ಹಿಂದಿನ ಸಾಲಿನ ಗಂಡಸರು ಬಂದು ಅಡುಗೆಮನೆಯ ಕಿಟಕಿ ಒಡೆದು, ಗಾಳಿಯಾಡಲು ಬಿಟ್ಟು, ಸಿಲಿಂಡರ್ ನಿಲ್ಲಿಸಿದರು.

ಸಂಜೆ ಬೀದಿಗೆ ಬೀದಿಯೇ ಅವರ ಮನೆಯ ಮುಂದೆ ಸೇರಿತು. ಒಬ್ಬರು ಗ್ಯಾಸನ್ನು ಬೈದರು, ಒಬ್ಬರು ಮರೆವನ್ನು ಬೈದರು, ಇನ್ನೊಬ್ಬರು ಗ್ರಹಗತಿಯನ್ನು. ಚಿಲಕದ ಹೆಸರನ್ನು ಯಾರೂ ಎತ್ತಲಿಲ್ಲ. ಅಕ್ಷಯಾ ಎತ್ತಿದಳು.

"ಅಮ್ಮಾ, ಚಿಲಕ ಹೊರಗಿಲ್ದೇ ಇದ್ದಿದ್ರೆ ನಾನೇ ಬರ್ತಿದ್ದೆ."

"ಚಿಲಕ ಇಲ್ದೇ ಇದ್ದಿದ್ರೆ ಯಾವನಾದ್ರೂ ಒಳಗೆ ಬರ್ತಿದ್ದ!" ದುರ್ಗಮ್ಮ ಅಳುತ್ತಲೇ ಗದರಿದಳು. "ಕಾಲ ಕೆಟ್ಟಿದೆ ಕಣೇ. ಕಣ್ಣಿರೋ ಹೆಣ್ಮಕ್ಳೇ ಉಳಿಯೋದು ಕಷ್ಟ. ನೀನು ಯಾರನ್ನ ಅಂತ ಗುರುತು ಹಿಡೀತೀಯ?"

ಕೆಲಸದಿಂದ ಬಂದ ಜಟ್ಟಪ್ಪ ಒಡೆದ ಕಿಟಕಿಯ ಗಾಜು ಗುಡಿಸಿದ. ಕೊನೆಗೆ, "ಶಿವಮೊಗ್ಗದಲ್ಲಿ ಕಾಣದೋರಿಗೆ ಅಂತಾನೇ ಒಂದು ಕೇಂದ್ರ ಇದೆಯಂತೆ. ಹಾಸ್ಟೆಲ್ ಇದೆ, ಕೆಲ್ಸ ಕಲಿಸ್ತಾರೆ. ಅಲ್ಲಾದ್ರೆ ಕಾಯೋರು ಇರ್ತಾರೆ" ಎಂದ.

ಮುಂದಿನ ವಾರ ಅಪ್ಪ ಮಗಳು ಶಿವಮೊಗ್ಗದ ಬಸ್ಸು ಹತ್ತಿದರು. ಶಿವಮೊಗ್ಗ ಹತ್ತಿರವಾಗಿ ಕಂಡಕ್ಟರ್ ಮಲವಗೊಪ್ಪ ಎಂದು ಕೂಗಿದಾಗ ಅಕ್ಷಯಾ ಅಪ್ಪನ ತೋಳನ್ನು ಇನ್ನಷ್ಟು ಗಟ್ಟಿಯಾಗಿ ಹಿಡಿದಳು. ಎರಡು ವರ್ಷದಲ್ಲಿ ಅವಳು ಮನೆಯಿಂದ ಇಷ್ಟು ದೂರ ಬಂದಿರಲಿಲ್ಲ.

ಆ ಕೇಂದ್ರದ ಹೆಸರು ಇಲ್ಲಿ ಬೇಡ. ಹೆಸರಿನಲ್ಲಿ ಕರುಣೆ ಎಂಬ ಪದವಿತ್ತು ಎಂದರೆ ಸಾಕು. ಕಾರ್ಯದರ್ಶಿ ಶಂಕರನಾರಾಯಣರು ನಿವೃತ್ತ ಹೆಡ್‌ಮಾಸ್ಟರು, ಒಂದು ಪೈಸೆ ಸಂಬಳವಿಲ್ಲದೆ ದುಡಿಯುವವರು. "ಇಲ್ಲಿರೋರೆಲ್ಲ ನನ್ನ ಮಕ್ಕಳೇ. ನೀವು ನಿಶ್ಚಿಂತೆಯಾಗಿ ಹೋಗಿ ಜಟ್ಟಪ್ಪನವರೇ" ಎಂದು ಅಕ್ಷಯಾಳ ತಲೆ ನೇವರಿಸಿದರು. ಬ್ರೈಲ್ ಮತ್ತು ಬಿಳಿ ಕೋಲಿನ ನಡಿಗೆ ಕಲಿಸುತ್ತಿದ್ದವರು ವೇದಾವತಿ ಮೇಡಮ್. ಅವರಿಗೂ ಹುಟ್ಟಿನಿಂದ ಕಣ್ಣಿಲ್ಲ. ವಯಸ್ಸು ಐವತ್ತು. ವಿನೋಬನಗರದಿಂದ ದಿನಾ ಸಿಟಿ ಬಸ್ಸಿನಲ್ಲಿ ಒಬ್ಬರೇ ಬರುತ್ತಿದ್ದರು, ಒಬ್ಬರೇ ಹೋಗುತ್ತಿದ್ದರು. ಅಕ್ಷಯಾಗೆ ಅದನ್ನು ನಂಬಲೇ ಆಗಲಿಲ್ಲ.

"ಭಯ ಆಗಲ್ವಾ ಮೇಡಮ್?"

"ದಿನಾ ಆಗುತ್ತೆ ಕಣಮ್ಮ. ಭಯ ಹೋದ್ಮೇಲೆ ಹೊರಡೋಣ ಅಂತ ಕೂತಿದ್ರೆ ನಾನಿನ್ನೂ ತೊಟ್ಟಿಲಲ್ಲೇ ಇರ್ತಿದ್ದೆ" ಎಂದು ವೇದಾವತಿ ನಕ್ಕರು.

ಮೊದಲ ದಿನವೇ ಕೈಗೆ ಕೋಲು ಬಂತು. ನೆಲ ಅದರ ತುದಿಯಿಂದ ಮಾತಾಡಿತು: ಇಲ್ಲಿ ಮೆಟ್ಟಿಲು, ಇಲ್ಲಿ ಚರಂಡಿ, ಇಲ್ಲಿ ಗೇಟು. ಅಕ್ಷಯಾಗೆ ಖುಷಿಯಿಂದ ಊಟ ಸೇರಲಿಲ್ಲ. ಸಂಜೆ ಆರಕ್ಕೆ ಆಫೀಸಿನವರು ಬಂದು, ಯಾರ್ಯಾರದೋ ಕರೆ ಬರುತ್ತದೆಂದು, ಹುಡುಗಿಯರ ಫೋನುಗಳನ್ನು ಇಸಿದುಕೊಂಡರು. ಆರು ಜನ ಹುಡುಗಿಯರೂ ಕೋಣೆಗೆ ಬಂದರು. ಬಾಗಿಲು ಮುಚ್ಚಿತು. ಆಮೇಲೆ, ಹೊರಗಿನಿಂದ, ಠಕ್.

ಅಕ್ಷಯಾಳ ಮೂಗಿಗೆ ಇಲ್ಲದ ಗ್ಯಾಸಿನ ವಾಸನೆ ಬಂತು. "ಬಾಗ್ಲು ತೆಗೀರಿ, ಬಾಗ್ಲು ತೆಗೀರಿ" ಎಂದು ಬಡಿದಳು. ಪಕ್ಕದ ಮಂಚದ ಸೀತಾಲಕ್ಷ್ಮಿ, ತೀರ್ಥಹಳ್ಳಿ ಕಡೆಯ ಹತ್ತೊಂಬತ್ತರ ಹುಡುಗಿ, ಬಂದು ಅವಳ ಕೈ ಹಿಡಿದುಕೊಂಡಳು. "ದಿನಾ ಹಾಕ್ತಾರೆ ಅಕ್ಕ. ಊಟಕ್ಕೆ ತೆಗೀತಾರೆ, ಆಮೇಲೆ ಮತ್ತೆ ಬೆಳಿಗ್ಗೆ. ನಮ್ಮನೇಲೂ ಹಂಗೇ ಅಲ್ವಾ?"

ಮರುದಿನ ಅಕ್ಷಯಾ ವೇದಾವತಿಯವರನ್ನು ಕೇಳಿದಳು. ಅವರ ಉತ್ತರದಲ್ಲಿ ನಗುವಿರಲಿಲ್ಲ. "ಹದಿನಾರು ವರ್ಷದಿಂದ ಹೇಳ್ತಾ ಇದೀನಿ. ಅರ್ಜಿ ಕೊಟ್ಟೆ, ನೋಡೋಣ ಅಂದ್ರು. ತೀರ್ಮಾನ ಆಗೋದು ಕಮಿಟಿ ಮೀಟಿಂಗಲ್ಲಿ. ಆ ಮೀಟಿಂಗಲ್ಲಿ ನಮ್ಮ ಪಾತ್ರ ಏನು ಗೊತ್ತಾ? ಪ್ರಾರ್ಥನೆ ಹಾಡೋದು. ಹಾಡಿ ಮುಗಿದ ತಕ್ಷಣ ಕೈ ಹಿಡಿದು ಹೊರಗೆ ಕರ್ಕೊಂಡು ಹೋಗಿ ಕೇಸರಿಬಾತ್ ಕೊಡ್ತಾರೆ. ಆಮೇಲೆ ಬಾಗಿಲು ಮುಚ್ಚಿ ನಮ್ಮ ಬಗ್ಗೆ ಮಾತಾಡ್ತಾರೆ. ಎಂಟು ಜನ ಮೆಂಬರು, ಹದಿನಾರು ಕಣ್ಣು. ಕಾಣದೋರು ಒಬ್ರೂ ಇಲ್ಲ."

ಅದು ನಿಜವೇ. ಮದುವೆಯ ಮಾತುಕತೆಯಲ್ಲಿ ಹುಡುಗಿಯಿಂದ ಒಂದು ಹಾಡು ಹೇಳಿಸಿ ಒಳಗೆ ಕಳಿಸುತ್ತಿದ್ದರಲ್ಲ, ಆ ಕಾಲ ಹೋಯಿತೆಂದು ನಾವು ಬೀಗುತ್ತೇವೆ. ಎಲ್ಲಿಯೂ ಹೋಗಿಲ್ಲ.

ಮೂರು ವಾರ ಕಳೆದವು. ಅಕ್ಷಯಾ ಕೋಲು ಹಿಡಿದು ಗೇಟಿನಾಚೆಯ ಅಂಗಡಿಯವರೆಗೆ ಹೋಗಿಬರುವಷ್ಟಾದಳು. ಹಗಲೆಲ್ಲ ಅವಳು ಮನುಷ್ಯಳು. ಸಂಜೆ ಆರಕ್ಕೆ ಮತ್ತೆ ಸಾಮಾನು. ಒಂದು ಸಂಜೆ, ಏಳು ಗಂಟೆ ಇರಬೇಕು, ವಾರ್ಡನ್ ಯಾವುದೋ ಕಾರ್ಯಕ್ರಮಕ್ಕೆ ಹೋಗಿದ್ದರು. ವಾಚ್‌ಮನ್ ಟೀಗೆ ಹೋಗಿದ್ದ. ಹುಡುಗಿಯರು ಮಂಚದ ಮೇಲೆ ಕೂತು ಮಾತಾಡುತ್ತಿದ್ದರು. ಚಿಲಕ ಸರಿದ ಸದ್ದಾಯಿತು.

ವಾಚ್‌ಮನ್ ಆದರೆ ಲಾಠಿಯಿಂದ ಬಾಗಿಲಿಗೆ ಎರಡು ಏಟು ಕೊಟ್ಟು "ಊಟ" ಎನ್ನುತ್ತಾನೆ. ಏಟು ಬೀಳಲಿಲ್ಲ, ಮಾತೂ ಬರಲಿಲ್ಲ. ಬಾಗಿಲು ತೆರೆಯಿತು, ಹೊರಗಿನ ತಂಪು ಗಾಳಿ ಅಕ್ಷಯಾಳ ಮುಖಕ್ಕೆ ತಾಗಿತು, ಆಮೇಲೆ ನಿಂತಿತು. ಗಾಳಿಗೆ ಅಡ್ಡವಾಗಿ ಯಾರೋ ನಿಂತಿದ್ದಾರೆ.

"ಯಾರು?" ಎಂದಳು ಅಕ್ಷಯಾ.

ಉತ್ತರವಿಲ್ಲ. ಗುಟ್ಕಾದ ವಾಸನೆ. ಉಸಿರು. ರಬ್ಬರ್ ಚಪ್ಪಲಿ ಒಂದು ಹೆಜ್ಜೆ ಒಳಗೆ ಬಂದಿತು, ಇನ್ನೊಂದು ಹೆಜ್ಜೆ. ಅದು ಸೀತಾಲಕ್ಷ್ಮಿಯ ಮಂಚದ ಹತ್ತಿರ ನಿಂತಿತು.

"ಯಾರು ಅದು? ಮಾತಾಡಿ!"

ಆಗ ಕೇಳಿಸಿದ್ದು ಒಂದು ಸಣ್ಣ ಸದ್ದು. ಫೋನಿನಲ್ಲಿ ಫೋಟೋ ತೆಗೆದರೆ ಬರುವ ಕ್ಲಿಕ್ ಸದ್ದು. ಮತ್ತೊಂದು. ಸೀತಾಲಕ್ಷ್ಮಿ ಉಸಿರು ಬಿಗಿಹಿಡಿದದ್ದು ಕೋಣೆಗೆಲ್ಲ ಕೇಳಿಸಿತು. ಅಕ್ಷಯಾಳ ನಾಲಿಗೆ ಏಳಲಿಲ್ಲ, ಕೈ ಎದ್ದಿತು. ಕೋಲು ತೆಗೆದುಕೊಂಡು ಕಬ್ಬಿಣದ ಮಂಚಕ್ಕೆ ಬಾರಿಸಿದಳು. ಇನ್ನೊಬ್ಬಳು ತಟ್ಟೆ ಬಡಿದಳು, ಮತ್ತೊಬ್ಬಳು ಬಕೆಟ್ಟು. ಆರು ಜನರೂ ಕಿರುಚುತ್ತ ಬಡಿಯತೊಡಗಿದರು. ಚಪ್ಪಲಿ ಹಿಂದೆ ಸರಿಯಿತು, ಬಾಗಿಲು ಮುಚ್ಚಿತು.

ಆಮೇಲೆ ಆದದ್ದನ್ನು ಅಕ್ಷಯಾ ಜೀವಮಾನದಲ್ಲಿ ಮರೆಯಲಿಲ್ಲ. ಅವನು ಹೋಗುವಾಗ ಚಿಲಕ ಹಾಕಿಕೊಂಡು ಹೋದ.

ಸುದ್ದಿ ತಿಳಿದ ಶಂಕರನಾರಾಯಣರು ಬೆಳಿಗ್ಗೆ ಏಳಕ್ಕೇ ಓಡಿ ಬಂದರು. ಹುಡುಗಿಯರು ಅಳುತ್ತ ಹೇಳಿದ್ದನ್ನೆಲ್ಲ ಕೇಳಿದರು. ಕೇಳಿ, "ಯಾರು ಅಂತ ನೋಡಿದ್ರಾ?" ಎಂದರು.

ತಾವು ಆಡಿದ್ದೇನೆಂದು ಅವರಿಗೆ ಹೊಳೆದಿರಬೇಕು, ದನಿ ತಗ್ಗಿಸಿದರು. "ಅಲ್ಲಮ್ಮಾ, ವಾಚ್‌ಮನ್ ವಾಪಸ್ ಬಂದಾಗ ಚಿಲಕ ಹಾಕಿದ್ದು ಹಾಕಿದ ಹಾಗೇ ಇತ್ತಂತೆ. ಯಾರಾದ್ರೂ ಬಂದಿದ್ರೆ ಬಾಗಿಲು ತೆಗೆದಿರಬೇಕಿತ್ತಲ್ವಾ? ಗಾಳಿ ಸದ್ದಿರಬಹುದು. ಕಾಣದೇ ಇರೋವಾಗ ಮನಸ್ಸು ಏನೇನೋ ಕಲ್ಪಿಸಿಕೊಳ್ಳುತ್ತೆ."

"ಗಾಳಿ ಗುಟ್ಕಾ ತಿನ್ನಲ್ಲ ಸಾರ್" ಎಂದಳು ಅಕ್ಷಯಾ.

"ಪೊಲೀಸಿಗೆ ಕೊಡೋಣ" ಎಂದರು ವೇದಾವತಿ. "ಹೆಣ್ಣುಮಕ್ಕಳ ವಿಷಯ ಮೇಡಮ್, ಬೀದಿಗೆ ತರೋದು ಬೇಡ" ಎಂದರು ಶಂಕರನಾರಾಯಣರು. ಅವರು ಕೆಡುಕರಲ್ಲ, ಹುಡುಗಿಯರಿಗಾಗಿ ನಿಜಕ್ಕೂ ನೊಂದರು. ನೊಂದು ಒಂದು ಉಪಾಯ ಮಾಡಿದರು. ಚಿಲಕದ ಮೇಲೊಂದು ಬೀಗ. ಸಂಜೆ ಆರಕ್ಕೆ ಹಾಕಿದರೆ ಊಟಕ್ಕೊಮ್ಮೆ ಬಿಟ್ಟು ಬೆಳಗಿನವರೆಗೆ ತೆಗೆಯುವಂತಿಲ್ಲ, ಕೀಲಿ ಆಫೀಸಿನಲ್ಲಿ. ಕೋಲಿನ ನಡಿಗೆ ಇನ್ನು ಕಾಂಪೌಂಡಿನ ಒಳಗಷ್ಟೇ. ಭಾನುವಾರದ ಕಮಿಟಿ ಸಭೆಯಲ್ಲಿ ಠರಾವು ಮಾಡುವುದೆಂದಾಯಿತು. ಪೋಷಕರಿಗೂ ಕರೆ ಹೋಯಿತು. ಪ್ರಾರ್ಥನೆಗೆ ಕಂಠ ಚೆನ್ನಾಗಿರುವ ಅಕ್ಷಯಾ.

ಬೀಗ ಎಂದು ಕೇಳಿದಾಗಿನಿಂದ ಅವಳಿಗೆ ನಿದ್ದೆಯಿಲ್ಲ. ಬೆಂಕಿ ಬಿದ್ದರೆ? ಆ ಚಪ್ಪಲಿಯವನಿಗೆ ಆಫೀಸಿನ ಕೀಲಿಯೂ ಸಿಗುವಂತಿದ್ದರೆ? ಅವನು ಒಳಗಿನವನೇ ಆಗಿದ್ದರೆ? ಬೇಡವೆಂದು ಮನೆಗೆ ಹೋದರೆ ಅಲ್ಲಿಯೂ ಚಿಲಕ. ಅತ್ತ ದರಿ, ಇತ್ತ ಪುಲಿ.

"ಹಾಡು ಮುಗಿದ್ಮೇಲೆ ಎದ್ದು ಹೋಗ್ಬೇಡ" ಎಂದರು ವೇದಾವತಿ. "ಕೂತ್ಕೊ. ಅಷ್ಟೇ. ನಾನೂ ಪಕ್ಕದಲ್ಲಿ ಕೂತ್ಕೋತೀನಿ."

"ಕೇಂದ್ರದಿಂದ ತೆಗೆದ್ರೆ ಮೇಡಮ್?"

"ತೆಗೀಬಹುದು. ಇಬ್ರನ್ನೂ ತೆಗೀಬಹುದು. ಸುಳ್ಳು ಧೈರ್ಯ ನಾನು ಹೇಳಲ್ಲ."

ಭಾನುವಾರ ಬಂತು. ಅಕ್ಷಯಾ ಗಣಪತಿ ಸ್ತುತಿ ಹಾಡಿದಳು. ಎಂದೂ ನಡುಗದ ಅವಳ ದನಿ ಎರಡನೇ ಸಾಲಿಗೇ ನಡುಗಿತು. ಅದನ್ನು ಭಕ್ತಿ ಎಂದುಕೊಂಡು ಸದಸ್ಯರು ಜೋರಾಗಿಯೇ ಚಪ್ಪಾಳೆ ತಟ್ಟಿದರು. ಆಫೀಸಿನವನು ಬಂದು ತೋಳು ಹಿಡಿದ. "ಬನ್ನಿ ಅಕ್ಕ, ಕೇಸರಿಬಾತ್ ಬಿಸಿಯಾಗಿದೆ."

"ನಾನು ಬರಲ್ಲ."

"ಸಭೆ ಶುರುವಾಗುತ್ತಮ್ಮ, ಹೊರಗೆ ಹೋಗು" ಎಂದರು ಶಂಕರನಾರಾಯಣರು.

"ಸಭೆ ನಮ್ಮ ಬಾಗಿಲಿನ ಬಗ್ಗೆ ಅಲ್ವಾ ಸಾರ್? ನಾನು ಇಲ್ಲೇ ಕೂತ್ಕೋತೀನಿ."

ಕುರ್ಚಿ ಎಲ್ಲಿದೆಯೋ ತಿಳಿಯಲಿಲ್ಲ. ಕೋಲು ಮಡಿಸಿ ತೊಡೆಯ ಮೇಲಿಟ್ಟುಕೊಂಡು ನೆಲದ ಮೇಲೆಯೇ ಕೂತಳು. ಪಕ್ಕದಲ್ಲಿ ಸೀರೆಯ ಸರಪರ ಕೇಳಿತು, ವೇದಾವತಿಯವರೂ ಕೂತರು. ಸಭೆಯಲ್ಲಿ ಗುಜುಗುಜು ಎದ್ದಿತು. ಯಾರೋ "ಏನಿದು ಅಶಿಸ್ತು" ಎಂದರು. ಹಿಂದಿನ ಸಾಲಿನಿಂದ ಗೊತ್ತಿದ್ದ ಹೆಜ್ಜೆಗಳು ಬಂದವು. ಅಪ್ಪನ ಬೂಟಿನ ಸದ್ದು.

"ಏಳು ಮಗಾ" ಎಂದು ಜಟ್ಟಪ್ಪ ತೋಳು ಹಿಡಿದು ಎತ್ತಿದ. "ದೊಡ್ಡೋರ ಮುಂದೆ ಹಿಂಗೆಲ್ಲ ಮಾಡ್ಬಾರ್ದು. ಅನ್ನ ಹಾಕೋರು ಅವ್ರು."

"ಅಪ್ಪಾ, ಕೈ ಬಿಡು."

ಅವಳು ಅಪ್ಪನಿಗೆ ಹಾಗೆ ಎಂದೂ ಅಂದವಳಲ್ಲ. ಜಟ್ಟಪ್ಪನ ಕೈ ತಾನಾಗಿಯೇ ಸಡಿಲಿತು. ಅಕ್ಷಯಾ ಹೇಳತೊಡಗಿದಳು. ಮುಖ ಯಾವ ಕಡೆ ತಿರುಗಿಸಬೇಕೆಂದು ತಿಳಿಯದೆ ಗೋಡೆಗೇ ಹೇಳಿದಳೋ ಏನೋ. ಗ್ಯಾಸಿನ ಸುಂಯ್ ಸದ್ದು ಹೇಳಿದಳು. ಸ್ವಿಚ್ಚಿನ ಕಡೆ ಹೋದ ಬಳೆಯ ಸದ್ದು ಹೇಳಿದಳು. ಚಪ್ಪಲಿ, ಉಸಿರು, ಕ್ಲಿಕ್ಕು ಹೇಳಿದಳು. "ಸಾರ್, ಕಳ್ಳ ಹೊರಗಿರ್ತಾನೆ. ಚಿಲಕಾನೂ ಹೊರಗೇ ಇಟ್ರೆ ಅವನ ಕೈಗೇ ಕೊಟ್ಟಂಗಲ್ವಾ? ಅವನು ತೆಗೀಬಹುದು, ಹಾಕ್ಬಹುದು. ನಾವು ಮಾತ್ರ ಮುಟ್ಟಂಗಿಲ್ಲ. ಮೊನ್ನೆ ಅವನು ಹಾಕ್ಕೊಂಡು ಹೋದ ಚಿಲಕಾನೇ ನೀವು ನಮ್ಮ ವಿರುದ್ಧ ಸಾಕ್ಷಿ ಅಂದ್ರಿ."

"ನೋಡಮ್ಮಾ, ನಿಮ್ಮ ಹಿತಕ್ಕೇ ಅಲ್ವಾ ನಾವು…" ಶಂಕರನಾರಾಯಣರ ದನಿಯಲ್ಲಿ ನೋವಿತ್ತು. "ಇಪ್ಪತ್ತೆರಡು ವರ್ಷದಿಂದ ಹೆತ್ತ ಮಕ್ಕಳ ಹಾಗೆ…"

"ಅದೇ ಸಾರ್ ಕಷ್ಟ" ಎಂದರು ವೇದಾವತಿ. "ಇಪ್ಪತ್ತೆರಡು ವರ್ಷದಲ್ಲಿ ಮಕ್ಕಳು ದೊಡ್ಡೋರಾಗ್ಲೇ ಇಲ್ಲ. ಕಾಣದೋರಿಗೆ ಅಂತ ಕಟ್ಟಿದ ಮನೆ ಇದು. ಬಾಗಿಲು ಹೇಗಿರ್ಬೇಕು ಅಂತ ಒಬ್ಬ ಕಾಣದವರನ್ನ ಯಾರಾದ್ರೂ ಕೇಳಿದ್ರಾ? ನನಗಿಂತ ಚೆನ್ನಾಗಿ ನಿಮಗೆ ಕತ್ತಲೆ ಗೊತ್ತಾ?"

ಅಧ್ಯಕ್ಷರಾದ ನಿರಂಜನ ಎಂಬ ಎಂಜಿನಿಯರು ಮೇಜನ್ನು ಬೆರಳಿನಿಂದ ತಟ್ಟುತ್ತಿದ್ದವರು ನಿಲ್ಲಿಸಿದರು. ಆದರೆ ಮಾತಾಡಿದ್ದು ಅವರಲ್ಲ. ಅಕ್ಷಯಾಳ ಬೆನ್ನ ಹಿಂದೆಯೇ ನಿಂತಿದ್ದ ಜಟ್ಟಪ್ಪ.

"ಸಾರ್, ನಾನು ವಾಚ್‌ಮನ್ನು. ಐವತ್ತು ಮನೆ ಕಾಯ್ತೀನಿ. ಒಂದು ಮನೆಯೋರೂ ಹೊರಗಿಂದ ಚಿಲಕ ಹಾಕಿಸ್ಕೊಂಡು ಮಲಗಲ್ಲ. ಎಲ್ರೂ ಒಳಗಿಂದಾನೇ ಹಾಕ್ಕೊಳ್ಳೋದು." ಅವನ ಬೂಟು ಮಗಳ ಹತ್ತಿರ ಒಂದು ಹೆಜ್ಜೆ ಸರಿಯಿತು. "ಹೊರಗಿಂದ ಹಾಕೋದು ಯಾರೂ ಇಲ್ದಿರೋ ಮನೆಗೆ. ದಿನಾ ಅದೇ ನೋಡ್ತೀನಿ. ನನ್ನ ಮಗಳಿರೋ ಮನೆಗೆ ಎರಡು ವರ್ಷ ಹಾಕ್ಸಿದೀನಿ, ಹೊಳೀಲೇ ಇಲ್ಲ ಸಾರ್." ಅಷ್ಟು ಹೇಳಿ ಮಗಳ ಪಕ್ಕದಲ್ಲಿ ನೆಲಕ್ಕೆ ಕೂತ.

ಜಗತ್ತು ಒಂದೇ ದಿನದಲ್ಲಿ ಬದಲಾಯಿತೆಂದು ಹೇಳಿದರೆ ಓದುಗರು ನಂಬಬಾರದು. ಶಂಕರನಾರಾಯಣರು ಮುನಿಸಿಕೊಂಡು ಎದ್ದು ಹೋದರು. ಇಬ್ಬರು ಸದಸ್ಯರು, ಇನ್ನು ಇವರು ಅಡುಗೆಯನ್ನೂ ತಾವೇ ಹೇಳಿದಂತೆ ಮಾಡಿಸುತ್ತಾರೆ ಎಂದು ಗೊಣಗಿದರು. ಬೀಗದ ಠರಾವು ಮಾತ್ರ ಬಿದ್ದುಹೋಯಿತು. ಹುಡುಗಿಯರ ಕೋಣೆಯ ಚಿಲಕ ಅಂದೇ ಸಂಜೆ ಒಳಗೆ ಬಂತು, ಫೋನುಗಳು ಅವರ ಕೈಯಲ್ಲೇ ಉಳಿದವು. ವೇದಾವತಿ ನಿರಂಜನರನ್ನು ಕರೆದುಕೊಂಡು ಹೋಗಿ ಪೊಲೀಸ್ ಠಾಣೆಯಲ್ಲಿ ದೂರು ಬರೆಸಿದರು. ಮುಂದಿನ ಸಭೆಗೆ ಕಾಣದವರಿಗೆ ಎರಡು ಕುರ್ಚಿ ಎಂದು ಪುಸ್ತಕದಲ್ಲಿ ದಾಖಲಾಯಿತು. ಎಂಟಕ್ಕೆ ಎರಡು. ಆ ಚಪ್ಪಲಿಯವನು ಯಾರೆಂದು ಇಂದಿಗೂ ಪತ್ತೆಯಾಗಿಲ್ಲ. ಅಕ್ಷಯಾಗೆ ರಬ್ಬರ್ ಚಪ್ಪಲಿಯ ಸದ್ದು ಕೇಳಿದರೆ ಇಂದಿಗೂ ಎದೆ ಝಲ್ಲೆನ್ನುತ್ತದೆ.

ದಸರಾ ರಜೆಗೆ ಅವಳು, ಅಪ್ಪ ಕೊಡಿಸಿದ ಹೊಸ ಫೋನಿನ ಜೊತೆ, ಕಾಗದನಗರಕ್ಕೆ ಬಂದಳು. ಜಟ್ಟಪ್ಪ ಸ್ಕ್ರೂಡ್ರೈವರ್ ತಂದು ಹೊರಗಿನ ಚಿಲಕ ಬಿಚ್ಚಿದ. ತುಕ್ಕು ಹಿಡಿದ ಸ್ಕ್ರೂಗಳು ಒಂದೊಂದಾಗಿ ಕಿರುಗುಟ್ಟುತ್ತ ಬಂದವು. ದುರ್ಗಮ್ಮ ಪಕ್ಕದಲ್ಲೇ ನಿಂತು ಹೊಯ್ದಾಡಿದಳು.

"ಒಳಗೆ ಬಿದ್ದುಗಿದ್ರೆ ಹೊರಗಿಂದ ತೆಗೆಯೋರು ಯಾರ್ರೀ?"

"ಬಿದ್ರೆ ಫೋನ್ ಮಾಡ್ತೀನಮ್ಮ. ನೀವು ಮಾಡಿದಾಗ ನಾನು ಎತ್ತದೇ ಇದ್ರೆ ಬಾಗ್ಲು ಒಡೀರಿ. ಬಾಗ್ಲು ಹೋದ್ರೆ ಇನ್ನೊಂದು ಬರುತ್ತೆ."

"ಯಾರಾದ್ರೂ ಬಂದ್ರೆ?"

"ಯಾರು ಅಂತ ಕೇಳ್ತೀನಿ. ಹೇಳದೇ ಇದ್ರೆ ತೆಗಿಯಲ್ಲ."

ಚಿಲಕ ಒಳಗೆ ಬಂದು ಕೂತಿತು. ಅಡುಗೆಮನೆಯ ಬೀಗ ಮೊದಲೇ ಹೋಗಿತ್ತು. ಮರುದಿನ ಒಂಬತ್ತೂವರೆಗೆ ದುರ್ಗಮ್ಮನ ಚಪ್ಪಲಿ ಸದ್ದಾಯಿತು. "ಹೋಗ್ಬರ್ತೀನಿ ಕಣೇ" ಎಂದಳು. 'ಕೂತಲ್ಲೇ ಕೂತಿರು' ಎನ್ನುವುದು ನಾಲಿಗೆಯ ತುದಿಯವರೆಗೆ ಬಂದು ಅಲ್ಲೇ ನಿಂತಿತು. ಅಕ್ಷಯಾ ಬಾಗಿಲು ಮುಚ್ಚಿದಳು. ಬೆರಳಿನಿಂದ ಚಿಲಕ ಹುಡುಕಿದಳು. ಸರಿಸಿದಳು. ಠಕ್. ಅದೇ ಸದ್ದು, ಆದರೆ ಅದು ಅವಳ ಕೈಯಿಂದ ಬಂದಿತ್ತು.

ಬಾಗಿಲಾಚೆ ಹೆಜ್ಜೆ ಮುಂದೆ ಹೋಗಲಿಲ್ಲ. ಅಮ್ಮ ಅಲ್ಲೇ ನಿಂತಿದ್ದಾಳೆ. ಕೊನೆಗೆ ಬಾಗಿಲ ಮೇಲೆ, ಬೇರೆಯವರ ಮನೆಗೆ ಬಂದವರಂತೆ, ಮೆಲ್ಲಗೆ ಎರಡು ಸಲ ಬಡಿದಳು.

ಅಕ್ಷಯಾಗೆ ಗೊತ್ತಿತ್ತು. ಆದರೂ ಗಟ್ಟಿಯಾಗಿ ಕೇಳಿದಳು.

"ಯಾರು?"

"ನಾನು ಕಣವ್ವಾ, ನಿಮ್ಮಮ್ಮ" ಎಂದಿತು ಆಚೆಯಿಂದ ಅಳುವ ದನಿ. "ಕೊಡೆ ಮರೆತೆ. ಬಾಗ್ಲು ತೆಗೀತೀಯಾ?"